ಗಮನ ಎಲ್ಲಿ ಸೋರುತ್ತದೆ? ಹುಡುಕಿ ಮುಚ್ಚುವ ವಿಧಾನ

ಮೂರು ಗಂಟೆಯ ಸಿನಿಮಾವನ್ನು ಕದಲದೆ ನೋಡುವ ಮನುಷ್ಯನೇ ಮೂರು ಪುಟದ ವರದಿ ಬರೆಯಲು ಕೂತರೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಾನೆ. ಅವನಿಗೆ ಏಕಾಗ್ರತೆಯೇ ಇಲ್ಲ ಎನ್ನುವ ಹಾಗಿಲ್ಲ, ಸಿನಿಮಾ ನೋಡುವಾಗ ಇತ್ತಲ್ಲ. ಸಿನಿಮಾದಲ್ಲಿ ಮುಂದಿನ ದೃಶ್ಯ ತಾನಾಗೇ ಬರುತ್ತದೆ. ವರದಿಯಲ್ಲಿ ಮುಂದೇನು ಎಂಬುದನ್ನು ಪ್ರತಿ ಸಾಲಿಗೂ ತಾನೇ ತೀರ್ಮಾನಿಸಬೇಕು. ಆ ತೀರ್ಮಾನ ತುಸು ಕಷ್ಟವಾದ ಕ್ಷಣದಲ್ಲಿ ಕೈಗೆಟುಕುವ ಹಾಗೆ ಸುಲಭವಾದದ್ದು ಏನಿದೆಯೋ ಅತ್ತ ಕೈ ಹೋಗುತ್ತದೆ.

ಆದ್ದರಿಂದ ಇಲ್ಲಿ ಹೇಳುವ ವಿಧಾನಕ್ಕೆ ಮನೋಬಲ ಅಷ್ಟಾಗಿ ಬೇಡ. ಮಾಡಬೇಕಾದ್ದು ಎರಡು: ಕೂರುವ ಮೊದಲೇ ಕೆಲಸದ ಮುಂದಿನ ಹೆಜ್ಜೆ ಗೊತ್ತುಮಾಡಿಕೊಳ್ಳುವುದು, ಸೆಳೆಯುವ ವಸ್ತುವನ್ನು ಕೈಗೆಟುಕದಷ್ಟು ದೂರ ಇಡುವುದು. ಕೇಳಲು ಸುಲಭವೇ. ಕೆಡುವುದೆಲ್ಲ ಸಣ್ಣಪುಟ್ಟ ವಿವರಗಳಲ್ಲಿ.

ಮೂರು ದಿನದ ಲೆಕ್ಕ

ಏನನ್ನೂ ಬದಲಾಯಿಸುವ ಮೊದಲು ಮೂರು ಕೆಲಸದ ದಿನ ಬರೀ ಲೆಕ್ಕ ಇಡಿ. ಒಂದು ಹಾಳೆ, ಒಂದು ಪೆನ್ನು ಸಾಕು. ಗಮನ ತಪ್ಪಿದ ಪ್ರತಿ ಸಲವೂ ಒಂದು ಸಾಲು: ಸಮಯ, ‘ಹೊ’ ಅಥವಾ ‘ಒ’ ಎಂಬ ಗುರುತು, ಆಮೇಲೆ ತಪ್ಪುವ ಮುನ್ನ ಏನು ಮಾಡುತ್ತಿದ್ದಿರಿ ಎಂದು ನಾಲ್ಕೈದು ಪದ. ‘ಹೊ’ ಎಂದರೆ ಹೊರಗಿನಿಂದ ಬಂದದ್ದು: ಕರೆ, ಮೆಸೇಜಿನ ಸದ್ದು, ಯಾರೋ ಕೂಗಿದ್ದು. ‘ಒ’ ಎಂದರೆ ಯಾರೂ ಕರೆಯದೆ ನೀವೇ ಹೋದದ್ದು.

ಹಾಳೆಯ ಬದಲು ಫೋನಿನಲ್ಲೇ ಬರೆಯೋಣ ಎನಿಸುತ್ತದೆ. ಬೇಡ. ಬರೆಯಲೆಂದು ಫೋನ್ ತೆರೆದರೆ ಅದೇ ಇನ್ನೊಂದು ‘ಒ’ ಆಗುತ್ತದೆ. ಸಂಜೆ ಒಟ್ಟಿಗೆ ನೆನಪು ಮಾಡಿಕೊಂಡು ಬರೆಯುವುದೂ ಉಪಯೋಗಕ್ಕೆ ಬರುವುದಿಲ್ಲ. ಹೊರಗಿನ ಅಡ್ಡಿ ಸಿಟ್ಟು ತರಿಸುತ್ತದೆ, ಹಾಗಾಗಿ ಅದು ನೆನಪಿರುತ್ತದೆ. ನಾವಾಗಿ ಹೋದದ್ದು ಮರೆತೇ ಹೋಗುತ್ತದೆ.

ಮೂರನೇ ದಿನದ ಕೊನೆಗೆ ಹಾಳೆ ನೋಡಿದರೆ ಬಹಳ ಜನರಿಗೆ ಆಶ್ಚರ್ಯ ಕಾದಿರುತ್ತದೆ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿ ಕೆಲಸಗಾರರ ಹಿಂದೆಯೇ ಗಡಿಯಾರ ಹಿಡಿದು ಕೂತು ಅಧ್ಯಯನ ಮಾಡಿದಾಗ ಕಂಡದ್ದೂ ಅದೇ: ಅಡ್ಡಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಜನ ತಮಗೆ ತಾವೇ ಮಾಡಿಕೊಳ್ಳುತ್ತಾರೆ. ಅವರ ಇನ್ನೊಂದು ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಬಹುಪಾಲು ತಪ್ಪಾಗಿ. ಅಡ್ಡಿಯಾದ ಮೇಲೆ ಮೂಲ ಕೆಲಸಕ್ಕೆ ಮರಳಲು ಸರಾಸರಿ ಸುಮಾರು 25 ನಿಮಿಷ ಹಿಡಿಯಿತು ಎಂಬುದು ನಿಜ. ಆದರೆ ಅಷ್ಟು ಹೊತ್ತೂ ಮಿದುಳು ಮತ್ತೆ ಗಮನ ಕೂಡಿಸಲು ಒದ್ದಾಡುತ್ತಿತ್ತು ಎಂದಲ್ಲ. ಆ ನಡುವೆ ಜನ ಬೇರೆ ಎರಡು ಕೆಲಸಗಳನ್ನು ಹಿಡಿದು ಕೂತಿದ್ದರು. ಅಂದರೆ ಒಂದು ಅಡ್ಡಿ ಇನ್ನೊಂದನ್ನು ಎಳೆದು ತರುತ್ತದೆ. ನಷ್ಟ ಆಗುವುದು ಆ ಸರಪಳಿಯಲ್ಲಿ.

ಹಾಳೆಯಲ್ಲಿ ನಿಜವಾಗಿ ಓದಬೇಕಾದ್ದು ಕೊನೆಯ ಕಾಲಮ್ಮು. ‘ಒ’ ಗುರುತು ಇರುವ ಸಾಲುಗಳನ್ನು ಒಟ್ಟಿಗೆ ಓದಿ. “ಎರಡನೇ ಭಾಗ ಹೇಗೆ ಶುರು ಮಾಡಲಿ ಎಂದು ನೋಡುತ್ತಿದ್ದೆ”, “ಫೈಲ್ ತೆರೆದುಕೊಳ್ಳಲು ಕಾಯುತ್ತಿದ್ದೆ”, “ಲೆಕ್ಕ ತಾಳೆಯಾಗಲಿಲ್ಲ” ಇಂಥವು ಮೇಲಿಂದ ಮೇಲೆ ಸಿಗುತ್ತವೆ. ಕೆಲಸ ಸಿಕ್ಕಿಕೊಂಡ ಜಾಗ ಮತ್ತು ಕೆಲವೇ ಕ್ಷಣ ಕಾಯಬೇಕಾದ ಜಾಗ, ಮನಸ್ಸು ತಪ್ಪಿಸಿಕೊಳ್ಳುವ ಬಾಗಿಲು ಹೆಚ್ಚಾಗಿ ಇವೆರಡೇ.

ಜೊತೆಗೆ ಫೋನಿನಲ್ಲಿರುವ ಲೆಕ್ಕವನ್ನೂ ಒಮ್ಮೆ ನೋಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನಲ್ಲಿ ಸ್ಕ್ರೀನ್ ಟೈಮ್. ಒಟ್ಟು ಗಂಟೆಗಿಂತ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ ಎಂಬ ಅಂಕಿ ಮುಖ್ಯ. ಐಫೋನಿನಲ್ಲಿ ಫೋನ್ ಕೈಗೆತ್ತಿಕೊಂಡ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದು ಎಂಬುದೂ ಕಾಣುತ್ತದೆ. ಮೊದಲು ದೂರ ಮಾಡಬೇಕಾದ ಆ್ಯಪ್ ಅದು.

ಕೆಲಸವನ್ನು ಕತ್ತರಿಸುವುದು

ಇಡೀ ವಿಧಾನದಲ್ಲಿ ಅತಿ ಹೆಚ್ಚು ಫಲ ಕೊಡುವ ಭಾಗ ಇದು, ಜನ ಅತಿ ಹೆಚ್ಚು ಹಾರಿಸಿಬಿಡುವ ಭಾಗವೂ ಇದೇ. ಫೋನ್ ದೂರವಿಟ್ಟು, ಬಾಗಿಲು ಹಾಕಿ ಕೂತ ಮೇಲೂ ಗೋಡೆ ನೋಡುತ್ತಾ ಕೂರುವಂತಾದರೆ ತಪ್ಪು ಇಲ್ಲಿದೆ.

“ವರದಿ ಬರೆಯುವುದು” ಎಂಬುದು ಕೆಲಸದ ಹೆಸರು, ಹೆಜ್ಜೆಯಲ್ಲ. “ಕಳೆದ ಮೂರು ತಿಂಗಳ ಮಾರಾಟದ ಅಂಕಿಗಳನ್ನು ಎರಡನೇ ಭಾಗದ ಕೋಷ್ಟಕಕ್ಕೆ ತುಂಬಿ, ಕೆಳಗೆ ಎರಡು ಸಾಲು ವಿವರಣೆ ಬರೆಯುವುದು” ಎಂಬುದು ಹೆಜ್ಜೆ. “ಗಣಿತ ಓದುವುದು” ಹೆಜ್ಜೆಯಲ್ಲ. “4ನೇ ಅಧ್ಯಾಯದ 1ರಿಂದ 8ರವರೆಗಿನ ಲೆಕ್ಕ, ಉತ್ತರ ನೋಡದೆ” ಎಂಬುದು ಹೆಜ್ಜೆ. ಸರಿಯಾದ ಹೆಜ್ಜೆಗೆ ಮೂರು ಲಕ್ಷಣ: ಕೈಯಿಂದ ಮಾಡುವ ಕ್ರಿಯೆ ಅದರಲ್ಲಿರಬೇಕು (ಬರೆ, ತುಂಬು, ಬಿಡಿಸು, ಹೋಲಿಸು), ಯಾವುದರ ಮೇಲೆ ಎಂದು ಗೊತ್ತಿರಬೇಕು, ಮುಗಿದದ್ದು ಯಾವಾಗ ಎಂದು ನೋಡಿದ ಕೂಡಲೇ ತಿಳಿಯಬೇಕು. “ಯೋಚಿಸು”, “ನೋಡು”, “ಮುಂದುವರಿಸು” ಎಂಬ ಕ್ರಿಯಾಪದ ಬಂದರೆ ಆ ಹೆಜ್ಜೆ ಇನ್ನೂ ಮಬ್ಬಾಗಿದೆ ಎಂದೇ ಅರ್ಥ. ಯೋಚಿಸಲೇಬೇಕಾದ ಕೆಲಸವಿದ್ದರೆ ಅದಕ್ಕೂ ಒಂದು ಕಾಗದದ ರೂಪ ಕೊಡಿ: “ಈ ಯೋಜನೆ ಕೈಬಿಡಲು ಐದು ಕಾರಣ, ಮುಂದುವರಿಸಲು ಐದು ಕಾರಣ ಬರೆಯುವುದು.”

ಅಳತೆ: ಒಂದು ಹೆಜ್ಜೆ 20ರಿಂದ 45 ನಿಮಿಷದಲ್ಲಿ ಮುಗಿಯುವಂತಿರಲಿ. ಅದಕ್ಕಿಂತ ದೊಡ್ಡದಾದರೆ ನಡುವೆ ಮತ್ತೆ “ಮುಂದೇನು” ಎಂಬ ಪ್ರಶ್ನೆ ಏಳುತ್ತದೆ, ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ತೀರಾ ಚಿಕ್ಕದಾದರೆ ಕೆಲಸಕ್ಕಿಂತ ಪಟ್ಟಿ ಮಾಡುವುದೇ ಹೆಚ್ಚಾಗುತ್ತದೆ. ಬಣ್ಣಬಣ್ಣದ ಪಟ್ಟಿ ಮಾಡುವುದು ಕೆಲಸ ಮುಂದೂಡುವ ಬಹಳ ಮರ್ಯಾದಸ್ಥ ವಿಧಾನ, ಎಚ್ಚರ.

ಹೆಜ್ಜೆಯನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಲದೇ? ಸಾಲದು. ಹೊಸ ವಿಷಯವನ್ನು ಕೆಲಸದ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ತೀರಾ ಕಿರಿದು. ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಸುಮಾರು ನಾಲ್ಕು ವಿಷಯ ಅಷ್ಟೇ. ಅದರಲ್ಲಿ ಒಂದನ್ನು “ಇದಾದ ಮೇಲೆ ಏನು” ಎಂಬುದಕ್ಕೇ ಕೊಟ್ಟರೆ ಉಳಿಯುವುದು ಮೂರು. ಆದ್ದರಿಂದ ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಇಡಿ. ಒಂದು ಹೊತ್ತಿಗೆ ಒಂದೇ ಹೆಜ್ಜೆ ಕಾಣಬೇಕು, ಇಡೀ ದಿನದ ಪಟ್ಟಿ ಅಲ್ಲ.

ನಿಲ್ಲಿಸುವಾಗಲೂ ಒಂದು ಕ್ರಮ ಇದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸ ಹೀಗೆ ಹೆಚ್ಚು ಕಾಡುತ್ತದೆ. 2018ರ ಇನ್ನೊಂದು ಅಧ್ಯಯನದಲ್ಲಿ ಅವರೂ ಥೆರೇಸಾ ಗ್ಲಾಂಬ್ ಅವರೂ ಅದಕ್ಕೊಂದು ಪರಿಹಾರ ಕಂಡುಕೊಂಡರು: ಎದ್ದು ಹೋಗುವ ಮುನ್ನ ಎಲ್ಲಿಗೆ ನಿಂತಿದೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು ಎಂದು ಚುಟುಕಾಗಿ ಬರೆದಿಡುವುದು. ಒಂದು ನಿಮಿಷದ ಕೆಲಸ. ಯಾರಾದರೂ ಕರೆದರೆ “ಒಂದೇ ನಿಮಿಷ” ಎಂದು ಹೇಳಿ ಈ ಸಾಲು ಬರೆದೇ ಏಳಿ. ಸಾಧ್ಯವಿದ್ದರೆ ವಾಕ್ಯದ ಅಥವಾ ಲೆಕ್ಕದ ನಡುವೆಯೇ, ಮುಂದಿನದು ಗೊತ್ತಿರುವ ಜಾಗದಲ್ಲಿ ನಿಲ್ಲಿಸಿ. ಸಿಕ್ಕಿಕೊಂಡ ಜಾಗದಲ್ಲಿ ನಿಲ್ಲಿಸಿದರೆ ಮರುದಿನ ಕೂರಲು ಮನಸ್ಸೇ ಬರುವುದಿಲ್ಲ.

ಫೋನ್

ಸದ್ದು ನಿಲ್ಲಿಸುವುದು, ದೂರ ಇಡುವುದು ಬೇರೆಬೇರೆ ಕೆಲಸಗಳು, ಎರಡೂ ಬೇಕು. 2015ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಫೋನ್ ಮುಟ್ಟದಿದ್ದರೂ ಬರೀ ಕರೆ ಅಥವಾ ಮೆಸೇಜ್ ಬಂದ ಸುಳಿವಿನಿಂದಲೇ ಗಮನ ಬೇಡುವ ಕೆಲಸದಲ್ಲಿ ತಪ್ಪುಗಳು ಹೆಚ್ಚಿದವು. ಬಂದದ್ದೇನು ಎಂಬ ಊಹೆಯೇ ಮನಸ್ಸನ್ನು ಕೊಂಡೊಯ್ಯುತ್ತದೆ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಫೋನ್ ಮೇಜಿನ ಮೇಲೆ, ಜೇಬು ಅಥವಾ ಚೀಲದಲ್ಲಿ, ಬೇರೆ ಕೋಣೆಯಲ್ಲಿ ಹೀಗೆ ಮೂರು ಕಡೆ ಇಡಿಸಿ ಪರೀಕ್ಷೆ ಮಾಡಿದಾಗ, ಬೇರೆ ಕೋಣೆಯಲ್ಲಿ ಇಟ್ಟವರು ಮೇಜಿನ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದರು. ಇದೇ ಪರೀಕ್ಷೆಯನ್ನು ಆಮೇಲೆ ಮಾಡಿದವರಿಗೆಲ್ಲ ಇಷ್ಟೇ ಸ್ಪಷ್ಟ ವ್ಯತ್ಯಾಸ ಸಿಕ್ಕಿಲ್ಲ, ಹಾಗಾಗಿ ಫೋನ್ ಎದುರಿದ್ದರೆ ಬುದ್ಧಿಯೇ ಮಂಕಾಗುತ್ತದೆ ಎನ್ನುವ ಮಾತನ್ನು ಪೂರ್ತಿ ನಂಬಬೇಕಿಲ್ಲ. ದೂರ ಇಡಲು ಅದಕ್ಕಿಂತ ಸರಳ ಕಾರಣ ಉಂಟು: ಎದ್ದು ನಾಲ್ಕು ಹೆಜ್ಜೆ ನಡೆಯಬೇಕಾದರೆ, ಆ ನಾಲ್ಕು ಹೆಜ್ಜೆಯೊಳಗೆ “ಯಾಕೆ ಎದ್ದೆ?” ಎಂದು ಕೇಳಿಕೊಳ್ಳಲು ಸಮಯ ಸಿಗುತ್ತದೆ. ಮೇಜಿನ ಮೇಲೆ ಮಗುಚಿ ಇಟ್ಟರೆ ಆ ಸಮಯ ಸಿಗದು, ಜೊತೆಗೆ ಮರದ ಮೇಜಿನ ಮೇಲೆ ವೈಬ್ರೇಶನ್ ಸದ್ದು ರಿಂಗ್‌ಟೋನಿಗಿಂತ ಕಿರಿಕಿರಿ.

ಮೊದಲು ನೋಟಿಫಿಕೇಶನ್‌ಗಳನ್ನು ಮೂರು ರಾಶಿ ಮಾಡಿ. ಅರ್ಧ ಗಂಟೆ ಹಿಡಿಯುತ್ತದೆ, ಒಮ್ಮೆ ಮಾಡಿದರೆ ಸಾಕು.

ಮೊದಲ ರಾಶಿ: ಆ ಕ್ಷಣದಲ್ಲೇ ಗೊತ್ತಾಗಬೇಕಾದದ್ದು. ಮನೆಯವರ ಕರೆ, ಬ್ಯಾಂಕಿನ ಎಚ್ಚರಿಕೆ, ಓಟಿಪಿ, ಕ್ಯಾಲೆಂಡರ್. ಇದು ಐದಾರಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ನೋಡಿ.

ಎರಡನೆಯದು: ಮನುಷ್ಯರು ಕಳಿಸಿದ್ದು, ಆದರೆ ಎರಡು ಗಂಟೆ ಕಾದರೂ ನಡೆಯುವಂಥದ್ದು. ಮೆಸೇಜು, ಇಮೇಲು, ಗುಂಪುಗಳು. ಇವುಗಳ ಸದ್ದು ತೆಗೆಯಿರಿ, ಪರದೆಯ ಮೇಲೆ ಇಣುಕುವುದನ್ನೂ ತೆಗೆಯಿರಿ. ನೋಡಲು ದಿನಕ್ಕೆ ಮೂರು ಹೊತ್ತು ಗೊತ್ತುಮಾಡಿ.

ಮೂರನೆಯದು: ಆ್ಯಪ್ ತನ್ನ ಲಾಭಕ್ಕೆ ನಿಮ್ಮನ್ನು ಕರೆಯುವುದು. “ನಿಮಗಾಗಿ ಹೊಸ ವಿಡಿಯೊ”, “ಇಂದಿನ ರಿಯಾಯಿತಿ”, “ನಿಮ್ಮ ಗೆಳೆಯರು ಇಲ್ಲಿದ್ದಾರೆ”. ಪೂರ್ತಿ ಆಫ್. ಯಾವ ವಿನಾಯಿತಿಯೂ ಬೇಡ.

ಎರಡನೇ ರಾಶಿಯನ್ನೂ ಪೂರ್ತಿ ಆಫ್ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. 2019ರ ಪ್ರಯೋಗವೊಂದರಲ್ಲಿ ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಕಂತಿನಲ್ಲಿ ಪಡೆದವರ ಗಮನವೂ ನೆಮ್ಮದಿಯೂ ಸುಧಾರಿಸಿತು. ಪೂರ್ತಿ ನಿಲ್ಲಿಸಿದವರಿಗೆ ಅಷ್ಟು ಲಾಭ ಸಿಗಲಿಲ್ಲ, ಬದಲಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಹೆಚ್ಚಿತು. ಗೊತ್ತಾದ ಹೊತ್ತಿಗೆ ಸಿಗುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಮನಸ್ಸು ಸುಮ್ಮನಿರುತ್ತದೆ. ಐಫೋನಿನಲ್ಲಿ ಇದಕ್ಕೆಂದೇ ಶೆಡ್ಯೂಲ್ಡ್ ಸಮ್ಮರಿ ಎಂಬ ಸೌಲಭ್ಯ ಇದೆ. ಆಂಡ್ರಾಯ್ಡ್‌ನಲ್ಲಿ ಅಂಥ ಆ್ಯಪ್‌ಗಳ ನೋಟಿಫಿಕೇಶನ್ ಅನ್ನು ಸೈಲೆಂಟ್ ಮಾಡಿ, ನೋಡುವ ಹೊತ್ತಿಗೆ ಅಲಾರಾಂ ಇಟ್ಟುಕೊಂಡರೆ ಆಯಿತು.

ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡುವಾಗ 8 ಗಂಟೆ, 1 ವಾರ, ಸದಾ ಎಂಬ ಮೂರು ಆಯ್ಕೆ ಬರುತ್ತವೆ. 8 ಗಂಟೆ ಆರಿಸಿದರೆ ನಾಳೆ ಮತ್ತೆ ಇದೇ ಕೆಲಸ. ಸದಾ ಆರಿಸಿ, ಮೇಲಾಗಿ ಆರ್ಕೈವ್ ಮಾಡಿ. ಹೆಸರು ಹಿಡಿದು ಕರೆದರೆ ಅಥವಾ ನಿಮ್ಮ ಮಾತಿಗೆ ಉತ್ತರ ಕೊಟ್ಟರೆ ಆಗಲೂ ಸುಳಿವು ಬರುತ್ತದೆ, ಹಾಗಾಗಿ ಮುಖ್ಯವಾದದ್ದು ತಪ್ಪುವ ಭಯ ಬೇಡ.

ಕೆಲಸದ ಹೊತ್ತಿಗೆ ಡು ನಾಟ್ ಡಿಸ್ಟರ್ಬ್ ಹಾಕಿ, ಸ್ಟಾರ್ ಗುರುತಿನ ನಾಲ್ಕೈದು ಜನರ ಕರೆ ಮಾತ್ರ ಬರಲಿ ಎಂದು ಅದರೊಳಗೇ ಗೊತ್ತುಮಾಡಿ. ಫೋನಿನ ಮಾದರಿಗೆ ತಕ್ಕಂತೆ ಈ ಪುಟಗಳ ಹೆಸರು ತುಸು ಬೇರೆ ಇರಬಹುದು. ಗುರುತಿಲ್ಲದ ನಂಬರಿನಿಂದ ತುರ್ತು ಕರೆ ಬಂದರೆ? ಅದಕ್ಕೂ ದಾರಿ ಇದೆ. ಮರುಕರೆಗೆ ಅನುಮತಿ ಕೊಟ್ಟಿದ್ದರೆ ಒಂದೇ ನಂಬರಿನಿಂದ ಎರಡನೇ ಸಲ ಬಂದ ಕರೆ ಸದ್ದು ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಎರಡನೇ ಕರೆ ಬಂದಿರಬೇಕು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ: “ತುರ್ತು ಇದ್ದರೆ ಬಿಡದೆ ಎರಡು ಸಲ ಮಾಡಿ.”

ಇಷ್ಟಾದರೂ ಸೋರುವ ಜಾಗಗಳು ಇರುತ್ತವೆ. ಕೈಗಡಿಯಾರ ಸ್ಮಾರ್ಟ್ ಆಗಿದ್ದರೆ ಫೋನಿನ ನೋಟಿಫಿಕೇಶನ್‌ಗಳು ಅಲ್ಲಿಯೂ ನಡುಗುತ್ತವೆ, ಅದರ ಸೆಟ್ಟಿಂಗ್ ಬೇರೆಯೇ ಇರಬಹುದು. ಗಂಟೆ ನೋಡಲು, ಅಲಾರಾಂಗೆ, ಕ್ಯಾಲ್ಕ್ಯುಲೇಟರಿಗೆ, ಪದದ ಅರ್ಥಕ್ಕೆ ಎಂದು ಫೋನ್ ಎತ್ತುವ ಅಭ್ಯಾಸ ಇದ್ದರೆ ಆ ನಾಲ್ಕಕ್ಕೂ ಬೇರೆ ಸಾಧನ ಇಡಿ: ಗೋಡೆ ಗಡಿಯಾರ, ಸಾದಾ ಅಲಾರಾಂ, ಸಾದಾ ಕ್ಯಾಲ್ಕ್ಯುಲೇಟರ್, ನಿಘಂಟು. ಫೋನ್ ಕೈಗೆ ಬರುವುದು ಯಾವಾಗಲೂ ನ್ಯಾಯವಾದ ಕಾರಣಕ್ಕೇ. ಕೈಯಿಂದ ಇಳಿಯುವ ಹೊತ್ತಿಗೆ ಆ ಕಾರಣ ಮರೆತಿರುತ್ತದೆ.

ಪರದೆಯನ್ನು ಕಪ್ಪುಬಿಳುಪು ಮಾಡಿಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ರೀಲ್ಸ್, ಚಿತ್ರಗಳನ್ನು ನೋಡುತ್ತಾ ಕೂರುವವರಿಗೆ ಇದು ಸ್ವಲ್ಪ ಸಹಾಯ ಮಾಡುತ್ತದೆ. ಮೆಸೇಜಿನ ಗೀಳು ಇರುವವರಿಗೆ ಏನೂ ಮಾಡದು, ಅಕ್ಷರ ಹೇಗೂ ಕಪ್ಪುಬಿಳುಪೇ ಅಲ್ಲವೇ.

ಕಂಪ್ಯೂಟರ್

ಫೋನ್ ಬೇರೆ ಕೋಣೆ ಸೇರಿದ ಮೇಲೆ ಎಲ್ಲವೂ ಬ್ರೌಸರಿಗೆ ಬಂದು ಕೂರುತ್ತದೆ. ವಾಟ್ಸಾಪ್ ವೆಬ್ ತೆರೆದಿಟ್ಟಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ, ಮೊದಲು ಅದರಿಂದ ಲಾಗೌಟ್ ಆಗಿ.

ಕೆಲಸಕ್ಕೇ ಬೇರೆ ಬ್ರೌಸರ್ ಪ್ರೊಫೈಲ್ ಮಾಡಿ. ಅದರಲ್ಲಿ ಸಾಮಾಜಿಕ ಜಾಲತಾಣಗಳಿಗೆ ಲಾಗಿನ್ ಇರಬಾರದು, ಬುಕ್‌ಮಾರ್ಕ್ ಇರಬಾರದು, ಪಾಸ್‌ವರ್ಡ್ ಉಳಿಸಿರಬಾರದು. ಹೊಸ ಟ್ಯಾಬ್ ತೆರೆದಾಗ ಸುದ್ದಿಗಳು ಬರುವುದನ್ನು ನಿಲ್ಲಿಸಿ, ಖಾಲಿ ಪುಟ ಇಡಿ. ಪಾಸ್‌ವರ್ಡ್ ಹಾಕಬೇಕಾದ ಇಪ್ಪತ್ತು ಸೆಕೆಂಡಿನ ತೊಡಕು ನಂಬಲಾಗದಷ್ಟು ಕೆಲಸ ಮಾಡುತ್ತದೆ, ಏಕೆಂದರೆ ‘ಒ’ ಗುರುತಿನ ಜಾರುವಿಕೆಗಳಲ್ಲಿ ಬಹುಪಾಲು ಯೋಚಿಸಿ ಮಾಡಿದವಲ್ಲ, ಬೆರಳು ತಾನಾಗೇ ಒತ್ತಿದವು.

ಯೂಟ್ಯೂಬ್ ಕೆಲಸಕ್ಕೇ ಬೇಕಾಗುತ್ತದೆ, ಅದೇ ತೊಂದರೆ. ವಾಚ್ ಹಿಸ್ಟರಿಯನ್ನು ಆಫ್ ಮಾಡಿ, ಹಳೆಯದನ್ನೂ ಅಳಿಸಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದು ನಿಲ್ಲುತ್ತದೆ. 2023ರಿಂದ ಹೀಗಿದೆ. ಹುಡುಕುವ ಸೌಲಭ್ಯ ಉಳಿಯುತ್ತದೆ, ಬೇಕಾದ ವಿಡಿಯೊ ಹುಡುಕಿ ನೋಡಬಹುದು. ಜೊತೆಗೆ ಆಟೊಪ್ಲೇ ಆಫ್ ಮಾಡಿ.

ತಾಣಗಳನ್ನು ತಡೆಯುವ ಆ್ಯಪ್ ಅಥವಾ ಎಕ್ಸ್‌ಟೆನ್ಶನ್ ಬಳಸುವುದಾದರೆ ಒಂದೇ ಪರೀಕ್ಷೆ: ತಡೆಯನ್ನು ಎರಡು ಕ್ಲಿಕ್ಕಿನಲ್ಲಿ ತೆಗೆಯಬಹುದೇ? ತೆಗೆಯಬಹುದಾದರೆ ಅದು ವಾರದೊಳಗೆ ಅಲಂಕಾರದ ವಸ್ತುವಾಗುತ್ತದೆ. ಹೊತ್ತು ಮುಗಿಯುವವರೆಗೆ ತೆರೆಯದಂತೆ ಬೀಗ ಹಾಕುವ ಬಗೆಯದನ್ನು ಆರಿಸಿ.

ಇಮೇಲ್ ಟ್ಯಾಬ್ ಮುಚ್ಚಿಡಿ. ಕಚೇರಿಯಲ್ಲಿ ಬೇಗ ಉತ್ತರ ಕೊಡಲೇಬೇಕಾದರೆ ಪ್ರತಿ ಗಂಟೆಯ ಮೊದಲ ಐದು ನಿಮಿಷ ನೋಡಿ. ಗಂಟೆಗೊಮ್ಮೆ ಉತ್ತರ ಬಂದರೆ ತಡವಾಯಿತು ಎನ್ನುವವರು ಕಡಿಮೆ. ಎನ್ನುವವರಿಗೆ ನಿಮ್ಮ ನಂಬರ್ ಗೊತ್ತಿರುತ್ತದೆ.

ಸುತ್ತಲಿನ ಜನ ಮತ್ತು ಸದ್ದು

ಜನರಿಗೆ “ತೊಂದರೆ ಕೊಡಬೇಡಿ” ಎಂದರೆ ಬೇಸರವಾಗುತ್ತದೆ, ಅದು ಬಹಳ ಹೊತ್ತು ನಿಲ್ಲುವುದೂ ಇಲ್ಲ. ಕೊನೆಯ ಸಮಯ ಹೇಳಿದರೆ ಒಪ್ಪುತ್ತಾರೆ: “11:40ರ ತನಕ ಇದರಲ್ಲಿದ್ದೀನಿ, ಆಮೇಲೆ ನಾನೇ ಬರ್ತೀನಿ.” ಹೇಳಿದ ಮೇಲೆ 11:40ಕ್ಕೆ ಹೋಗಲೇಬೇಕು. ಎರಡು ಸಲ ತಪ್ಪಿದರೆ ಮೂರನೇ ಸಲ ಯಾರೂ ಕಾಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತು ನಡೆಯದು. ಅವರು ಮಲಗಿರುವ ಹೊತ್ತನ್ನು ಕಷ್ಟದ ಕೆಲಸಕ್ಕೆ ಇಟ್ಟುಕೊಂಡು, ಎದ್ದಿರುವಾಗ ಅಡ್ಡಿಯಾದರೂ ನಡೆಯುವ ಕೆಲಸ ಹಿಡಿಯಿರಿ.

ಸದ್ದುಗಳಲ್ಲಿ ಅತಿ ಕೆಟ್ಟದ್ದು ಮನುಷ್ಯರ ಮಾತು. ಫ್ಯಾನಿನ ಸದ್ದು, ಮಳೆಯ ಸದ್ದು ಜೋರಾಗಿದ್ದರೂ ಒಂದೇ ಸಮನೆ ಇರುವುದರಿಂದ ಮನಸ್ಸು ಅದನ್ನು ಬಿಟ್ಟುಬಿಡುತ್ತದೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕೇಳುವವರಿಗೆ ತಿಳಿಯದ ಭಾಷೆಯ ಮಾತು ಕೂಡ ಕ್ರಮವಾಗಿ ನೆನಪಿಡುವ ಕೆಲಸವನ್ನು ಕೆಡಿಸುತ್ತದೆ ಎಂದು 1976ರಷ್ಟು ಹಿಂದೆಯೇ ಪ್ರಯೋಗಗಳಲ್ಲಿ ಕಂಡಿದೆ. ಆದ್ದರಿಂದ ಓದುವಾಗ, ಬರೆಯುವಾಗ ಸಾಹಿತ್ಯವಿರುವ ಹಾಡು ಬೇಡ. ಕೈಕೆಲಸಕ್ಕೆ, ಕಡತ ಜೋಡಿಸುವುದಕ್ಕೆ ಹಾಡು ಒಳ್ಳೆಯದೇ.

ಫೋಮ್ ಇಯರ್‌ಪ್ಲಗ್ ಹಾಕಿಯೂ ಸದ್ದು ಕೇಳುತ್ತದೆ ಎನ್ನುವವರು ಬಹುಶಃ ಅದನ್ನು ಕಿವಿಯ ಬಾಯಲ್ಲೇ ನಿಲ್ಲಿಸಿರುತ್ತಾರೆ. ಶುದ್ಧವಾದ ಬೆರಳುಗಳಲ್ಲಿ ಅದನ್ನು ಬತ್ತಿಯಂತೆ ಸಣ್ಣಗೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಒಳಗೆ ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ.

ಎಷ್ಟು ಹೊತ್ತು ಕೂರಬೇಕು

25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು: ಇದು ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ ಕ್ರಮ. ಇದಕ್ಕೆ ಪೊಮೊಡೊರೊ (ಇಟಾಲಿಯನ್ ಭಾಷೆಯಲ್ಲಿ ಟೊಮ್ಯಾಟೊ) ಎಂಬ ಹೆಸರು ಬಂದದ್ದು ಆ ಟೈಮರಿನಿಂದ. ಶುರು ಮಾಡಲೇ ಆಗದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ 25 ನಿಮಿಷ ಯಾರಿಗೂ ಭಯ ಹುಟ್ಟಿಸುವುದಿಲ್ಲ. ಆದರೆ ಬರವಣಿಗೆ, ಪ್ರೋಗ್ರಾಮಿಂಗ್, ಕಷ್ಟದ ಲೆಕ್ಕ ಇಂಥ ಕೆಲಸಗಳಲ್ಲಿ ವಿಷಯ ತಲೆಯೊಳಗೆ ಕೂರಲೇ ಹತ್ತು ಹದಿನೈದು ನಿಮಿಷ ಬೇಕು. ಆಗಷ್ಟೇ ಹಿಡಿತ ಸಿಕ್ಕಾಗ ಗಂಟೆ ಬಾರಿಸಿದರೆ ಟೈಮರೇ ಅಡ್ಡಿಯಾಗುತ್ತದೆ. ಅಂಥ ಕೆಲಸಕ್ಕೆ 50 ನಿಮಿಷ ಕೆಲಸ, 10 ನಿಮಿಷ ಬಿಡುವು ಇಡಿ. ಟೈಮರ್ ಫೋನಿನದ್ದಾಗಿರಬಾರದು ಎಂದು ಮತ್ತೆ ಹೇಳಬೇಕಿಲ್ಲ.

ಮೊದಲ ಹತ್ತು ನಿಮಿಷ ಮನಸ್ಸು ನಿಲ್ಲದು. ಬಹಳ ಜನ ಅಲ್ಲೇ ಸೋಲುತ್ತಾರೆ, “ಇವತ್ತು ಮೂಡ್ ಇಲ್ಲ” ಎಂದು ಎದ್ದುಬಿಡುತ್ತಾರೆ. ಆ ಹತ್ತು ನಿಮಿಷಕ್ಕೆ ಯೋಚನೆ ಬೇಡದ ಪ್ರವೇಶದ ಕೆಲಸ ಇಟ್ಟುಕೊಳ್ಳಿ: ನಿನ್ನೆ ಬರೆದದ್ದನ್ನು ಓದಿ ತಿದ್ದುವುದು, ಹಿಂದಿನ ಲೆಕ್ಕವನ್ನು ಮತ್ತೆ ಮಾಡುವುದು.

ಬಿಡುವು ತೆಗೆದುಕೊಳ್ಳುವುದು ಸೋಮಾರಿತನವಲ್ಲ. ರೇಡಾರ್ ಮುಂದೆ ಕೂರುವವರ ಸಮಸ್ಯೆಯಿಂದ ಹೊರಟು ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂಥ ಫಲಕದ ಒಂದೇ ಮುಳ್ಳನ್ನು ನೋಡುತ್ತಾ ಕೂತವರ ಗುರುತಿಸುವ ಶಕ್ತಿ ಮೊದಲ ಅರ್ಧ ಗಂಟೆಯಲ್ಲೇ ಇಳಿದಿತ್ತು. ಆದರೆ ಬಿಡುವಿನಲ್ಲಿ ಫೋನ್ ತೆರೆದರೆ ಅದು ಬಿಡುವಲ್ಲ, ಕೆಲಸದ ಬದಲಾವಣೆ. ಐದು ನಿಮಿಷ ಹದಿನೈದಾಗುವುದು ಒಂದು ತೊಂದರೆ, ಯಾರದೋ ಮಾತಿನ ಅರ್ಧ ಜಗಳ ತಲೆಯಲ್ಲಿ ಇಟ್ಟುಕೊಂಡು ಮರಳುವುದು ಇನ್ನೊಂದು. ಎದ್ದು ನಡೆಯಿರಿ, ನೀರು ಕುಡಿಯಿರಿ, ಕಿಟಕಿಯಾಚೆ ದೂರದ್ದೇನನ್ನಾದರೂ ನೋಡಿ.

ಒಳಗಿನ ಸೆಳೆತ ಬಂದಾಗ

ಕೂತು ಕೆಲಸ ಮಾಡುವಾಗ ಎರಡು ಬಗೆಯ ಯೋಚನೆ ಏಳುತ್ತವೆ. ಒಂದು, “ಕರೆಂಟ್ ಬಿಲ್ ಕಟ್ಟಿಲ್ಲ” ಎಂಬಂಥ ನಿಜವಾದ ಬಾಕಿ. ಪಕ್ಕದ ಹಾಳೆಯಲ್ಲಿ ಬರೆಯಿರಿ, ಜೊತೆಗೆ ಯಾವಾಗ ಮಾಡುತ್ತೀರಿ ಎಂದೂ ಬರೆಯಿರಿ: “ಬಿಲ್, ಸಂಜೆ 6ಕ್ಕೆ, ಲ್ಯಾಪ್‌ಟಾಪಿನಲ್ಲಿ.” ಬರೀ “ಬಿಲ್” ಎಂದು ಬರೆದರೆ ಅದು ಮತ್ತೆ ಬರುತ್ತದೆ. ಮುಗಿಯದ ಕೆಲಸ ಮನಸ್ಸನ್ನು ಚುಚ್ಚುತ್ತಿರುತ್ತದೆ, ಆದರೆ ಅದಕ್ಕೆ ಖಚಿತ ಯೋಜನೆ ಮಾಡಿದ ಕೂಡಲೇ, ಕೆಲಸ ಇನ್ನೂ ಆಗಿರದಿದ್ದರೂ, ಚುಚ್ಚುವುದು ನಿಲ್ಲುತ್ತದೆ ಎಂಬುದು ಮನೋವಿಜ್ಞಾನಿಗಳಾದ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡ ಸಂಗತಿ.

ಎರಡನೆಯದು, ಕಾರಣವಿಲ್ಲದ ತುಡಿತ: ಸುಮ್ಮನೆ ಒಮ್ಮೆ ನೋಡಿಬರೋಣ. ಇದನ್ನು ಹತ್ತಿಕ್ಕಲು ಹೋಗಬೇಡಿ, ಮುಂದೂಡಿ. “ಈ ಪ್ಯಾರಾ ಮುಗಿದ ಮೇಲೆ ಬೇಕಿದ್ದರೆ ನೋಡೋಣ” ಎಂದುಕೊಳ್ಳಿ. ಹತ್ತು ನಿಮಿಷ ಕಳೆದರೆ ಬಹುಪಾಲು ಸಲ ನೋಡಬೇಕೆಂದಿದ್ದೇ ಮರೆತಿರುತ್ತದೆ.

ಇದಕ್ಕಿಂತ ಗಟ್ಟಿಯಾದದ್ದು ‘ಹೀಗಾದರೆ ಹಾಗೆ’ ಎಂಬ ಸೂತ್ರ. ಜರ್ಮನ್ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಜರ್ ಇದನ್ನು 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. 2006ರಲ್ಲಿ 94 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗಲೂ ಫಲ ಚೆನ್ನಾಗಿಯೇ ಇತ್ತು. ಮೂರು ದಿನದ ಹಾಳೆಯಿಂದ ನಿಮ್ಮದೇ ಎರಡು ಜಾಗ ಆರಿಸಿ ಬರೆಯಿರಿ: “ಫೈಲ್ ತೆರೆದುಕೊಳ್ಳುವವರೆಗೆ ಕಾಯಬೇಕಾದರೆ, ಚೀಟಿಯ ಹೆಜ್ಜೆಯನ್ನು ಇನ್ನೊಮ್ಮೆ ಓದುತ್ತೇನೆ.” “ವಾಕ್ಯ ಹೊಳೆಯದಿದ್ದರೆ, ಹೇಳಬೇಕಾದ್ದನ್ನು ಆಡುಮಾತಿನಲ್ಲೇ ಕೆಟ್ಟದಾಗಿ ಬರೆದು ಮುಂದೆ ಹೋಗುತ್ತೇನೆ.” ‘ನೋಡಬಾರದು’, ‘ಮಾಡಬಾರದು’ ಎಂಬ ಸೂತ್ರಗಳು ನಿಲ್ಲುವುದಿಲ್ಲ, ಆ ಕ್ಷಣದಲ್ಲಿ ಕೈಗೆ ಇನ್ನೊಂದು ಕೆಲಸ ಬೇಕು. ಎರಡು ಸೂತ್ರ ಸಾಕು. ಹತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

ನಿದ್ದೆ

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ, ಆದರೆ ಇದು ಕೆಟ್ಟಿದ್ದರೆ ಮೇಲಿನ ಯಾವುದೂ ನಿಲ್ಲದು. 2003ರಲ್ಲಿ ನಿದ್ದೆಯ ಸಂಶೋಧಕ ಹಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 14 ರಾತ್ರಿ ಆರಾರು ಗಂಟೆ ಮಾತ್ರ ಹಾಸಿಗೆಯಲ್ಲಿ ಕಳೆದವರ ಗಮನ, ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ, ಸ್ವಲ್ಪ ತೂಕಡಿಕೆ ಅಷ್ಟೇ ಎಂದುಕೊಂಡಿದ್ದರು. ಕೆಫೀನ್ ಕುಡಿದು ಸುಮಾರು ಐದು ಗಂಟೆಯಾದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ, ಆದ್ದರಿಂದ ಮಲಗುವ ಹೊತ್ತಿಗೆ ಆರೆಂಟು ಗಂಟೆ ಮೊದಲೇ ಕೊನೆಯ ಲೋಟ ಮುಗಿಸಿ. ಮಧ್ಯಾಹ್ನ ತೂಕಡಿಕೆ ಬಂದರೆ 20 ನಿಮಿಷಕ್ಕೆ ಅಲಾರಾಂ ಇಟ್ಟು ಮಲಗಿ. ಒಂದು ಗಂಟೆ ಮಲಗಿದರೆ ಎದ್ದ ಮೇಲೆ ಮಂಪರು ಬಿಡುವುದಿಲ್ಲ.

ಯಾವುದು ಮೊದಲು

ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಗುರುವಾರಕ್ಕೆ ಒಂದೂ ಉಳಿದಿರುವುದಿಲ್ಲ. ಮೊದಲ ವಾರ ಲೆಕ್ಕದ ಹಾಳೆ ಮತ್ತು ನೋಟಿಫಿಕೇಶನ್ ರಾಶಿ. ಎರಡನೇ ವಾರ ದಿನಕ್ಕೆ ಒಂದೇ ಒಂದು 50 ನಿಮಿಷದ ಅವಧಿ, ಚೀಟಿಯ ಮೇಲೆ ಹೆಜ್ಜೆ ಬರೆದು, ಫೋನ್ ಬೇರೆ ಕೋಣೆಯಲ್ಲಿಟ್ಟು. ಅದು ಐದು ದಿನದಲ್ಲಿ ನಾಲ್ಕು ದಿನ ನಡೆದರೆ ಮಾತ್ರ ಇನ್ನೊಂದು ಅವಧಿ ಸೇರಿಸಿ. ಕಷ್ಟದ ಕೆಲಸಕ್ಕೆ ದಿನಕ್ಕೆ ಮೂರು ನಾಲ್ಕು ಗಂಟೆ ಸಿಕ್ಕರೆ ಅದೇ ಬಹಳ. ಉಳಿದ ಹೊತ್ತಿನ ಕರೆ, ಪತ್ರ, ಸಭೆಗಳಿಗೆ ಇಷ್ಟು ಬಿಗಿ ಬೇಡ.

ತಿಂಗಳಿಗೊಮ್ಮೆ ಒಂದು ದಿನ ಮತ್ತೆ ಲೆಕ್ಕದ ಹಾಳೆ ಇಡಿ. ಹೊಸ ಆ್ಯಪ್ ಹಾಕಿಕೊಂಡಾಗ, ಫೋನ್ ಬದಲಾಯಿಸಿದಾಗ ನೋಟಿಫಿಕೇಶನ್‌ಗಳೆಲ್ಲ ಮತ್ತೆ ತೆರೆದುಕೊಂಡಿರುತ್ತವೆ, ಮೂರು ರಾಶಿ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಇದೆಲ್ಲ ಎರಡು ಮೂರು ತಿಂಗಳು ಸರಿಯಾಗಿ ಮಾಡಿಯೂ ಓದು, ಕೆಲಸ, ಮನೆ ಎಲ್ಲ ಕಡೆಯೂ ಗಮನ ನಿಲ್ಲದೆ, ವಸ್ತುಗಳು ಕಳೆದುಹೋಗುತ್ತಾ, ಹೇಳಿದ ಸಮಯಗಳು ತಪ್ಪುತ್ತಾ ಇದ್ದು, ಚಿಕ್ಕಂದಿನಿಂದಲೂ ಹೀಗೇ ಇತ್ತು ಎಂದಾದರೆ ಮನೋವೈದ್ಯರನ್ನು ಕಾಣಿ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ದೊಡ್ಡವರಲ್ಲೂ ಇರುತ್ತದೆ. ಅದನ್ನು ಗುರುತಿಸಲು ವೈದ್ಯರು 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣ ಇದ್ದವೇ ಎಂದು ಕೇಳುತ್ತಾರೆ, ಹಾಗಾಗಿ ಹಳೆಯ ಶಾಲೆಯ ಅಂಕಪಟ್ಟಿಗಳು, ಚಿಕ್ಕಂದಿನಲ್ಲಿ ನಿಮ್ಮನ್ನು ನೋಡಿಕೊಂಡವರ ನೆನಪುಗಳು ಇದ್ದರೆ ಜೊತೆಗೆ ಒಯ್ಯಿರಿ. ಈಚೆಗೆ ಕೆಲವೇ ತಿಂಗಳಿಂದ ಶುರುವಾದದ್ದಾದರೆ ಕಾರಣ ಬೇರೆ ಇರಬಹುದು: ಖಿನ್ನತೆ, ಆತಂಕ, ಥೈರಾಯ್ಡ್, ರಕ್ತಹೀನತೆ, ಹೊಸದಾಗಿ ಶುರು ಮಾಡಿದ ಔಷಧ. ಆಗ ಮೊದಲು ಸಾಮಾನ್ಯ ವೈದ್ಯರ ಬಳಿಯೇ ಹೋಗಿ, ಲೆಕ್ಕದ ಹಾಳೆಯನ್ನೂ ತೋರಿಸಿ.